ಸೈನಸ್ ದೊಡ್ಡದಾಗಿದೆ ಅಂತ ರಿಪೋರ್ಟ್ ಬಂದರೆ ಏನು ನೋಡಬೇಕು

ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆಯಿಂದ ಬರುವ ರೋಗಿಗಳ ಕೈಯಲ್ಲಿ ಈಗ ಸಿಟಿ ಸ್ಕ್ಯಾನ್ ಕವರ್ ಇದ್ದೇ ಇರುತ್ತದೆ. ಬೈಕಿನಿಂದ ಬಿದ್ದಾಗ ತೆಗೆಸಿದ್ದೋ, ತಲೆನೋವಿಗೆ ತೆಗೆಸಿದ್ದೋ ಇರುತ್ತದೆ. ರಿಪೋರ್ಟಿನ ಕೊನೆಯಲ್ಲಿ ಒಂದು ಸಾಲು: ಹಣೆಯ ಸೈನಸ್ ಮಾಮೂಲಿಗಿಂತ ದೊಡ್ಡದಾಗಿದೆ. ಆ ಒಂದು ಸಾಲಿಗೆ ಕೆಲವರು ತಿಂಗಳುಗಟ್ಟಲೆ ಆಂಟಿಬಯೋಟಿಕ್ ನುಂಗುತ್ತಾರೆ. ಕೆಲವರು ಕ್ಯಾನ್ಸರ್ ಅಂತ ಹೆದರಿ ಊಟ ಬಿಡುತ್ತಾರೆ. ಇವರಲ್ಲಿ ಹೆಚ್ಚಿನವರಿಗೆ ಏನೂ ಆಗಿರುವುದಿಲ್ಲ. ನನಗೆ ಚಿಂತೆ ಇರುವುದು ಇನ್ನೊಂದು ಗುಂಪಿನ ಬಗ್ಗೆ. ಅವರ ಒಂದು ಕಣ್ಣು ನಿಧಾನವಾಗಿ ಮಂಜಾಗುತ್ತಿರುತ್ತದೆ, ಸ್ಕ್ಯಾನ್‌ನಲ್ಲಿ ಸೈನಸ್ ದೊಡ್ಡದು ಅಂತ ಬಂದಿರುತ್ತದೆ, ಆದರೆ ಎರಡನ್ನೂ ಯಾರೂ ಜೋಡಿಸಿ ನೋಡಿರುವುದಿಲ್ಲ.

ತಾಲ್ಲೂಕು ಆಸ್ಪತ್ರೆಯಲ್ಲಿ ಕೂತ ಡಾಕ್ಟರಿಗೆ ಅಂತ ಇದನ್ನು ಬರೆಯುತ್ತಿದ್ದೇನೆ. ರಿಪೋರ್ಟ್ ಹಿಡಿದು ಕೂತ ರೋಗಿ, ಅವರ ಮನೆಯವರು ಓದಿದರೂ ಅರ್ಥವಾಗಬೇಕು. ಇದನ್ನು ಓದಿ ಯಾರೂ ಮನೆಯಲ್ಲೇ ಚಿಕಿತ್ಸೆ ಮಾಡಿಕೊಳ್ಳಬಾರದು. ಆದರೆ ಡಾಕ್ಟರ ಮುಂದೆ ಏನು ಕೇಳಬೇಕು ಅನ್ನೋದು ಗೊತ್ತಿದ್ದರೆ ಒಳ್ಳೆಯದು ಅಲ್ವಾ?

ಸರಿಯಾದ ಸೈನಸ್ ಹೇಗಿರುತ್ತದೆ

ಮೂಗಿನ ಸುತ್ತ ಎಲುಬಿನೊಳಗೆ ನಾಲ್ಕು ಜೋಡಿ ಗಾಳಿ ಜಾಗಗಳಿವೆ. ಹಣೆಯಲ್ಲಿ ಫ್ರಾಂಟಲ್, ಕೆನ್ನೆಯಲ್ಲಿ ಮ್ಯಾಕ್ಸಿಲರಿ, ಎರಡು ಕಣ್ಣುಗಳ ನಡುವೆ ಎಥ್ಮಾಯ್ಡ್, ತೀರಾ ಹಿಂದೆ ಸ್ಫೀನಾಯ್ಡ್. ಒಳಗೆ ತೆಳುವಾದ ಪೊರೆ, ತುಂಬಾ ಗಾಳಿ, ಮೂಗಿಗೆ ತೆರೆಯುವ ಸಣ್ಣ ಬಾಯಿ.

ಹುಟ್ಟಿದ ಮಗುವಿಗೆ ಹಣೆಯ ಸೈನಸ್ ಇರುವುದೇ ಇಲ್ಲ ಅನ್ನಬಹುದು. ಆರರಿಂದ ಎಂಟು ವರ್ಷದ ಹೊತ್ತಿಗೆ ಎಕ್ಸ್‌ರೇಯಲ್ಲಿ ಕಾಣತೊಡಗುತ್ತದೆ. ಹರೆಯದಲ್ಲಿ ಬೇಗ ಬೆಳೆದು 20ರ ಆಸುಪಾಸಿಗೆ ನಿಲ್ಲುತ್ತದೆ. ಎಡಕ್ಕೂ ಬಲಕ್ಕೂ ಒಂದೇ ಅಳತೆ ಇರುವವರು ಕಡಿಮೆ. ಕೆಲವರಿಗೆ ಒಂದು ಕಡೆಯದು ಬೆಳೆದೇ ಇರುವುದಿಲ್ಲ. ಹೀಗಿರುವಾಗ ಬರೀ ಅಳತೆ ನೋಡಿ ರೋಗ ಅನ್ನೋದು ತಪ್ಪು. ಎಷ್ಟು ದೊಡ್ಡದು ಅನ್ನೋದಕ್ಕಿಂತ ಮೂರು ಬೇರೆ ಸಂಗತಿ ಮುಖ್ಯ: ಒಳಗೆ ಏನಿದೆ, ಗೋಡೆ ಹೇಗಿದೆ, ಪಕ್ಕದಲ್ಲಿ ಏನಾಗುತ್ತಿದೆ.

ಒಳಗೆ ಗಾಳಿಯೋ, ಬೇರೇನೋ?

ಮೊದಲ ಪ್ರಶ್ನೆ ಇದೇ. ರಿಪೋರ್ಟ್ ಪಕ್ಕಕ್ಕಿಟ್ಟು ಫಿಲ್ಮನ್ನು ನೀವೇ ನೋಡಿ. ಸಿಡಿ ಇದ್ದರೆ ಇನ್ನೂ ಒಳ್ಳೆಯದು. ಸಿಟಿಯಲ್ಲಿ ಗಾಳಿ ಪೂರಾ ಕಪ್ಪು, ಸ್ಕ್ಯಾನಿನ ಸಾಂದ್ರತೆಯ ಅಳತೆಯಲ್ಲಿ (ಹೌನ್ಸ್‌ಫೀಲ್ಡ್) ಮೈನಸ್ 1000ದ ಹತ್ತಿರ. ನೀರು ಸೊನ್ನೆ. ಸಿಂಬಳ, ಕೀವು, ಗಡ್ಡೆ ಎಲ್ಲವೂ ಸೊನ್ನೆಗಿಂತ ಮೇಲೆ, ಬೂದು ಬಣ್ಣ.

ದೊಡ್ಡದಾದ ಸೈನಸ್‌ನಲ್ಲಿ ಬೂದು ತುಂಬಿದ್ದರೆ ನೀವು ಹಿಡಿಯಬೇಕಾದ ದಾರಿಯೇ ಬೇರೆ. ಅದು ಮ್ಯೂಕೊಸೀಲ್ ಇರಬಹುದು. ಅಂದರೆ ಸೈನಸ್ ಬಾಯಿ ಮುಚ್ಚಿ, ಒಳಗೆ ಸಿಂಬಳ ಕೂಡಿಕೊಂಡು ಎಲುಬನ್ನು ನಿಧಾನವಾಗಿ ತಳ್ಳುತ್ತಿದೆ. ಹಣೆಯ ಮ್ಯೂಕೊಸೀಲ್ ಸಾಮಾನ್ಯವಾಗಿ ಕಣ್ಣನ್ನು ಕೆಳಕ್ಕೂ ಹೊರಕ್ಕೂ ದೂಡುತ್ತದೆ. ಹಳೇ ಏಟು, ಹಳೇ ಆಪರೇಷನ್ ಇತ್ತೇ ಅಂತ ಕೇಳಿ. ಬೂದಿನ ನಡುವೆ ಬೆಳ್ಳಗಿನ ಪಟ್ಟೆ, ಚುಕ್ಕೆ ಕಂಡರೆ ಫಂಗಸ್ ನೆನಪಿಗೆ ಬರಬೇಕು. ಅಲರ್ಜಿ ಫಂಗಸ್ ಕೂಡ ಸೈನಸ್‌ಗಳನ್ನು ಹಿಗ್ಗಿಸುತ್ತದೆ, ಮೂಗಿನಲ್ಲಿ ಪಾಲಿಪ್ (ಪೊರೆಯಿಂದ ಬೆಳೆದ ಮೆತ್ತನೆ ಗಂಟು) ಇರುತ್ತದೆ, ಅಂಟಂಟಾದ ಕಂದು ಗೊಣ್ಣೆ ಬರುತ್ತದೆ. ಗೋಡೆಯೇ ದಪ್ಪಗಾಗಿ ಮಸುಕು ಬೂದಾಗಿ ಒಳಗಿನ ಜಾಗ ಕಿರಿದಾಗಿದ್ದರೆ, ಎಲುಬಿನ ಜಾಗದಲ್ಲಿ ನಾರು ಬೆಳೆಯುವ ಫೈಬ್ರಸ್ ಡಿಸ್‌ಪ್ಲೇಸಿಯಾ. ಬೆಳ್ಳಗಿನ ಗಟ್ಟಿ ಎಲುಬಿನ ಗಂಟಾದರೆ ಆಸ್ಟಿಯೋಮ. ಎಲುಬನ್ನು ತಳ್ಳದೆ ಕೊರೆದು ತಿಂದಿರುವುದು ಕಂಡರೆ ಆ ವಾರವೇ ಬಯಾಪ್ಸಿಗೆ ಕಳಿಸಿ, ತಡ ಬೇಡ.

ಸಕ್ಕರೆ ಕಾಯಿಲೆಯವರ ಬಗ್ಗೆ ಒಂದು ಮಾತು. ಮುಖ ನೋವು, ಕಣ್ಣಿನ ಸುತ್ತ ಬಾವು, ಮೂಗಿನಲ್ಲಿ ಕಪ್ಪು ಹಕ್ಕಳೆ, ಕೆನ್ನೆ ಮರಗಟ್ಟಿದ ಹಾಗೆ ಇದ್ದರೆ ಈ ಕೈಪಿಡಿ ಮುಚ್ಚಿಟ್ಟು ರೋಗಿಯನ್ನು ಅದೇ ದಿನ ದೊಡ್ಡ ಆಸ್ಪತ್ರೆಗೆ ಕಳಿಸಿ. 2021ರಲ್ಲಿ ಕೋವಿಡ್ ಹಿಂದೆಯೇ ಬಂದ ಕಪ್ಪು ಫಂಗಸ್ ನಮಗೆ ಇದನ್ನು ಕಲಿಸಿದೆ.

ಒಳಗೆ ಅಪ್ಪಟ ಕಪ್ಪು, ಬರೀ ಗಾಳಿ ಅಂತ ಖಾತ್ರಿಯಾಯಿತಾ? ಹಾಗಾದರೆ ಮುಂದೆ ಓದಿ. ಮತ್ತು ಆಂಟಿಬಯೋಟಿಕ್ ಚೀಟಿ ಹರಿದು ಹಾಕಿ. ಗಾಳಿ ತುಂಬಿದ ಸೈನಸ್‌ನಲ್ಲಿ ಆಂಟಿಬಯೋಟಿಕ್ ಬೇಕಾಗುವ ಸೋಂಕೇ ಇಲ್ಲ.

ಗೋಡೆ ಹೇಗಿದೆ?

ಗಾಳಿ ತುಂಬಿ ದೊಡ್ಡದಾದ ಸೈನಸ್‌ಗಳನ್ನು 1987ರಲ್ಲಿ ಅರ್ಕೆನ್ ಮತ್ತು ಜೊತೆಗಾರರು ಮೂರು ಬಗೆಯಾಗಿ ವಿಂಗಡಿಸಿದರು. ಈಗಲೂ ಕೆಲಸಕ್ಕೆ ಬರುವ ವಿಂಗಡಣೆ ಅದೇ.

ಒಂದು, ಹೈಪರ್‌ಸೈನಸ್. ಸೈನಸ್ ದೊಡ್ಡದಿದೆ, ಆದರೆ ಆ ಎಲುಬಿನ ಎಲ್ಲೆ ದಾಟಿಲ್ಲ. ಹಣೆ ಉಬ್ಬಿಲ್ಲ, ಗೋಡೆ ಸರಿಯಾಗಿದೆ, ತೊಂದರೆ ಏನೂ ಇಲ್ಲ. ಇದು ರೋಗವಲ್ಲ, ಒಬ್ಬರ ಮೈಕಟ್ಟು ಅಷ್ಟೇ.

ಎರಡು, ನ್ಯೂಮೊಸೈನಸ್ ಡೈಲಟಾನ್ಸ್. ಈ ಹೆಸರನ್ನು ಬೆಂಜಮಿನ್ಸ್ 1918ರಲ್ಲಿ ಕೊಟ್ಟರು. ಇಲ್ಲಿ ಸೈನಸ್ ಎಲ್ಲೆ ಮೀರಿದೆ. ಹಣೆ ಮುಂದಕ್ಕೆ ಬಂದಿರಬಹುದು, ಕಣ್ಣುಗೂಡಿನ ಕಡೆಗೋ ಮೆದುಳಿನ ಕಡೆಗೋ ಚಾಚಿರಬಹುದು. ಆದರೆ ಗೋಡೆಯ ದಪ್ಪ ಮಾಮೂಲಿಯಾಗಿದೆ. ಹಣೆಯಲ್ಲಿ ಹೆಚ್ಚು. 20ರಿಂದ 40 ವರ್ಷದ ಗಂಡಸರಲ್ಲಿ ಜಾಸ್ತಿ ಕಾಣುತ್ತದೆ.

ಮೂರು, ನ್ಯೂಮೊಸೀಲ್. ಸೈನಸ್ ಹಿಗ್ಗಿದೆ, ಜೊತೆಗೆ ಗೋಡೆ ತೆಳುವಾಗಿದೆ. ಒಂದು ಕಡೆ ಮಾತ್ರ ಇರಬಹುದು, ಸುತ್ತಲೂ ಇರಬಹುದು, ಅಲ್ಲಲ್ಲಿ ಎಲುಬು ಇಲ್ಲದೆಯೂ ಹೋಗಿರಬಹುದು. ಮೂರರಲ್ಲಿ ಹೆಚ್ಚು ನೋವು ಕೊಡುವುದು ಇದೇ.

ಈ ಭೇದ ಎಕ್ಸ್‌ರೇಯಲ್ಲಿ ಸಿಗುವುದಿಲ್ಲ. ಸಿಟಿಯಲ್ಲೂ ದಪ್ಪ ದಪ್ಪ ಸ್ಲೈಸ್ ಇದ್ದರೆ ತೆಳು ಗೋಡೆ ಕಣ್ತಪ್ಪಿ ಹೋಗುತ್ತದೆ. ಒಂದು ಮಿಲಿಮೀಟರ್ ಅಥವಾ ಅದಕ್ಕಿಂತ ತೆಳು ಸ್ಲೈಸ್, ಎಲುಬನ್ನು ಸ್ಪಷ್ಟವಾಗಿ ತೋರಿಸುವ ಬೋನ್ ವಿಂಡೋ, ಮೂರೂ ದಿಕ್ಕಿನ ಚಿತ್ರ ಬೇಕು ಅಂತ ಬರೆದು ಕಳಿಸಿ. ಇದಕ್ಕೆ ರಕ್ತನಾಳಕ್ಕೆ ಚುಚ್ಚುವ ಡೈ ಬೇಡ. ತಲೆಗೆ ಏಟು ಬಿದ್ದಾಗ ತೆಗೆದ ಸಿಟಿಯಿಂದ ಮೂಗಿನ ತೀರ್ಮಾನ ಮಾಡಬೇಡಿ. ಹಾಗಂತ ಮಕ್ಕಳಿಗೆ ಪದೇ ಪದೇ ಸಿಟಿ ಮಾಡಿಸುವುದೂ ಸರಿಯಲ್ಲ.

ಯಾಕೆ ಹಿಗ್ಗುತ್ತದೆ?

ಎಲ್ಲ ಕೇಸಿಗೂ ಹೊಂದುವ ಒಂದೇ ಕಾರಣ ಇನ್ನೂ ಸಿಕ್ಕಿಲ್ಲ. ಹೆಚ್ಚು ಒಪ್ಪಿಗೆ ಇರುವುದು ವಾಲ್ವ್ ವಾದಕ್ಕೆ. ಸೈನಸ್ ಬಾಯಿಯ ಬಳಿ ಪೊರೆಯ ಮಡಿಕೆಯೋ, ಸಣ್ಣ ಪಾಲಿಪೋ ಅಡ್ಡ ನಿಂತು, ಸೈಕಲ್ ಟ್ಯೂಬಿನ ವಾಲ್ವ್ ಹಾಗೆ ಗಾಳಿಯನ್ನು ಒಳಕ್ಕೆ ಬಿಡುತ್ತದೆ, ಹೊರಕ್ಕೆ ಬಿಡುವುದಿಲ್ಲ. ಸೀನಿದಾಗ, ಮೂಗು ಒತ್ತಿ ಸಿಂಬಳ ತೆಗೆದಾಗ ಒಳಗೆ ಒತ್ತಡ ಏರುತ್ತದೆ. ನ್ಯೂಮೊಸೀಲ್‌ಗೆ ಈ ವಿವರಣೆ ಚೆನ್ನಾಗಿ ಹೊಂದುತ್ತದೆ. ನ್ಯೂಮೊಸೈನಸ್‌ಗೆ ಅಷ್ಟಾಗಿ ಹೊಂದುವುದಿಲ್ಲ, ಯಾಕೆಂದರೆ ಬಾಯಿ ಚೆನ್ನಾಗಿ ತೆರೆದೇ ಇದ್ದ ಕೇಸುಗಳೂ ಇವೆ. ಹಾರ್ಮೋನು, ತಾನಾಗಿ ಒಡೆದು ಖಾಲಿಯಾದ ಮ್ಯೂಕೊಸೀಲ್ ಅನ್ನುವ ವಾದಗಳೂ ಇವೆ.

ನಮ್ಮ ಕಡೆ ಎಲ್ಲರೂ ಕೇಳುವ ಪ್ರಶ್ನೆ ಧೂಳಿನದು. ಸಂಡೂರಿನ ಅದಿರು ಲಾರಿಗಳ ಕೆಂಪು ಧೂಳು, ಗಂಗಾವತಿ ರೈಸ್ ಮಿಲ್‌ಗಳ ಹೊಟ್ಟು, ರಾಯಚೂರಿನ ಜಿನ್ನಿಂಗ್ ಫ್ಯಾಕ್ಟರಿಗಳ ಹತ್ತಿ ನಾರು. ಇವು ಮೂಗಿನ ಪೊರೆಯನ್ನು ಕೆರಳಿಸುತ್ತವೆ, ಅದರಲ್ಲಿ ಅನುಮಾನವಿಲ್ಲ. ನೆಗಡಿ, ಸೀನು, ಮೂಗು ಕಟ್ಟುವುದು ಎಲ್ಲ ಬರುತ್ತದೆ. ಆದರೆ ಧೂಳಿನಿಂದಲೇ ಸೈನಸ್ ಹಿಗ್ಗಿತು ಅನ್ನೋದಕ್ಕೆ ಆಧಾರವಿಲ್ಲ. ಧೂಳಿನ ನೆಗಡಿಗೆ ಸ್ಕ್ಯಾನ್ ಮಾಡಿಸಿದಾಗ ಮೊದಲಿಂದಲೂ ದೊಡ್ಡದಿದ್ದ ಸೈನಸ್ ಕಣ್ಣಿಗೆ ಬೀಳುತ್ತದೆ, ಅಷ್ಟೇ. ನೆಗಡಿಗೆ ಔಷಧ ಕೊಡಿ, ಮಾಸ್ಕ್ ಹಾಕಿಸಿ, ಉಪ್ಪುನೀರಿನಿಂದ ಮೂಗು ತೊಳೆಯಲು ಹೇಳಿ. ಸೈನಸ್ ದೊಡ್ಡದು ಅಂತ ಕೆಲಸ ಬಿಡಿಸಬೇಡಿ.

ಕೇಳಬೇಕಾದದ್ದು

“ಮೊದಲು ಹಿಂಗ ಇದ್ದಿಲ್ರೀ ಸರ, ಈಗೀಗ ಹಣಿ ಮುಂದ ಬಂದೈತ್ರೀ” ಅಂತ ಮನೆಯವರು ಹೇಳಿದರೆ ಮಾತನ್ನು ತಳ್ಳಿಹಾಕಬೇಡಿ. ಹಳೇ ಫೋಟೊ ತರಿಸಿ. ಮದುವೆ ಆಲ್ಬಂ, ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್, ವೋಟರ್ ಕಾರ್ಡ್, ಏನಿದ್ದರೂ ಸರಿ. ಈಗಿನ ಮುಖದ ಪಕ್ಕ ಹಿಡಿದು ನೋಡಿ. ಹುಬ್ಬಿನ ಮೇಲಿನ ನೆರಳು ಎಲ್ಲಿ ಬಿದ್ದಿದೆ, ಎರಡೂ ಕಣ್ಣು ಒಂದೇ ಮಟ್ಟದಲ್ಲಿವೆಯೇ ಅಂತ ಗಮನಿಸಿ. ದುಡ್ಡು ಖರ್ಚಿಲ್ಲದ ಪರೀಕ್ಷೆ, ಎಷ್ಟೋ ಸಲ ಸಿಟಿಗಿಂತ ಮೊದಲೇ ಉತ್ತರ ಕೊಡುತ್ತದೆ. 25 ದಾಟಿದ ಮೇಲೂ ಬೆಳೆಯುತ್ತಿದ್ದರೆ ಅದನ್ನು ಮೈಕಟ್ಟು ಅನ್ನಲಾಗದು.

ಅದೇ ಫೋಟೊದಲ್ಲಿ ಮೂಗು, ದವಡೆ, ತುಟಿಯನ್ನೂ ನೋಡಿ. ಉಂಗುರ ಬಿಗಿಯಾಗಿದೆಯಾ, ಚಪ್ಪಲಿ ಸೈಜ್ ಹೆಚ್ಚಾಗಿದೆಯಾ ಅಂತ ಕೇಳಿ. ಹೌದು ಅಂದರೆ ಆಕ್ರೊಮೆಗಾಲಿ ಇರಬಹುದು. ಮೆದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿಯ ಗಡ್ಡೆಯಿಂದ ಬೆಳವಣಿಗೆ ಹಾರ್ಮೋನು ಜಾಸ್ತಿಯಾದಾಗ ಹಣೆಯ ಸೈನಸ್ ಕೂಡ ಹಿಗ್ಗುತ್ತದೆ. ಐಜಿಎಫ್-1 ರಕ್ತ ಪರೀಕ್ಷೆ ಬರೆಯಿರಿ.

ಚಿಕ್ಕಂದಿನಲ್ಲಿ ಮೂರ್ಛೆ ಬರುತ್ತಿತ್ತೇ? ಒಂದು ಕೈ, ಒಂದು ಕಾಲು ಸಣ್ಣದೇ? ಎಳವೆಯಲ್ಲೇ ಮೆದುಳಿನ ಒಂದು ಭಾಗ ಕುಗ್ಗಿದರೆ ಆ ಕಡೆಯ ತಲೆಬುರುಡೆ ದಪ್ಪಗಾಗುತ್ತದೆ, ಹಣೆಯ ಸೈನಸ್ ಹಿಗ್ಗಿ ಖಾಲಿ ಜಾಗ ತುಂಬುತ್ತದೆ. 1933ರಲ್ಲಿ ಡೈಕ್, ಡೇವಿಡಾಫ್, ಮ್ಯಾಸನ್ ಇದನ್ನು ವಿವರಿಸಿದರು. ತಲೆಯಲ್ಲಿ ನೀರು ತುಂಬಿದ್ದಕ್ಕೆ ಶಂಟ್ (ನೀರು ಹೊರಗೆ ಹರಿಸುವ ಕೊಳವೆ) ಹಾಕಿಸಿಕೊಂಡು ಬೆಳೆದ ಮಕ್ಕಳಲ್ಲೂ ಸೈನಸ್ ದೊಡ್ಡದಿರಬಹುದು. ಇಂಥವರಿಗೆ ಸೈನಸ್ ಚಿಕಿತ್ಸೆ ಬೇಡ, ಮೂರ್ಛೆ ಇದ್ದರೆ ಅದಕ್ಕೆ ಚಿಕಿತ್ಸೆ ಬೇಕು.

ಮೂಗಿನಿಂದ ಜೋರಾಗಿ ಗಾಳಿ ಬಿಟ್ಟಾಗ ಕೆನ್ನೆ ಅಥವಾ ಹಣೆ ಉಬ್ಬಿ ನೋಯುತ್ತದೆಯೇ ಅಂತಲೂ ಕೇಳಿ. ವಿಮಾನದಲ್ಲಿ ನೋವು ಬಂದಿತ್ತೇ ಅಂತಲೂ ಕೇಳಿ. ತೋರಣಗಲ್ಲಿನ ಸ್ಟೀಲ್ ಕಾರ್ಖಾನೆಯವರು ಹತ್ತಿರದ ವಿದ್ಯಾನಗರದಿಂದಲೇ ವಿಮಾನ ಹತ್ತುತ್ತಾರಾದ್ದರಿಂದ ಈ ಪ್ರಶ್ನೆ ನಮಗೂ ಸಲ್ಲುತ್ತದೆ. ವಿಮಾನದೊಳಗಿನ ಒತ್ತಡ ಸುಮಾರು 2400 ಮೀಟರ್ ಎತ್ತರದ ಗುಡ್ಡದ ಮೇಲಿನಷ್ಟಕ್ಕೆ ಇಳಿಯಬಹುದು. ಆಗ ಸಿಕ್ಕಿಬಿದ್ದ ಗಾಳಿ ಮೂರರಲ್ಲಿ ಒಂದು ಪಾಲಿನಷ್ಟು ಹಿಗ್ಗಲು ನೋಡುತ್ತದೆ. ಈ ಎರಡು ಪ್ರಶ್ನೆಗಳಲ್ಲಿ ಯಾವುದಕ್ಕಾದರೂ ಹೌದು ಅಂದರೆ ನ್ಯೂಮೊಸೀಲ್ ಕಡೆಗೆ ತಕ್ಕಡಿ ವಾಲುತ್ತದೆ. ಚಿಕಿತ್ಸೆ ಆಗುವವರೆಗೆ ವಿಮಾನ ಬೇಡ. ಬೆಂಗಳೂರಿಗೆ ಹಂಪಿ ಎಕ್ಸ್‌ಪ್ರೆಸ್ ಇದೆಯಲ್ಲ.

ಕೆನ್ನೆಯ ವಿಷಯದಲ್ಲಿ ಒಂದು ಬಲೆ ಇದೆ. ಒಂದು ಕೆನ್ನೆ ಉಬ್ಬಿದೆ ಅಂತ ರೋಗಿ ಬಂದಾಗ, ಇನ್ನೊಂದು ಕಡೆ ಕುಗ್ಗಿದೆಯೇ ಅಂತ ನೋಡಿ. ಸೈಲೆಂಟ್ ಸೈನಸ್ ಅನ್ನುವ ಸ್ಥಿತಿಯಲ್ಲಿ ಕೆನ್ನೆಯ ಸೈನಸ್ ಬಾಯಿ ಮುಚ್ಚಿ ಒಳಕ್ಕೆ ಸೇದಿಕೊಳ್ಳುತ್ತದೆ, ಆ ಕಡೆಯ ಕಣ್ಣು ಒಳಕ್ಕೂ ಕೆಳಕ್ಕೂ ಇಳಿಯುತ್ತದೆ. ಆಗ ಸರಿಯಿರುವ ಕೆನ್ನೆಯೇ ಉಬ್ಬಿದ ಹಾಗೆ ಕಾಣುತ್ತದೆ! ರೋಗಿಯ ತಲೆಯ ಹಿಂದೆ ನಿಂತು, ಹಣೆಯ ಮೇಲಿಂದ ಕೆಳಕ್ಕೆ ನೋಡಿದರೆ ಯಾವ ಕಣ್ಣು ಹಿಂದಿದೆ ಅಂತ ತಿಳಿಯುತ್ತದೆ.

ಕಣ್ಣು ನೋಡದೆ ಕಳಿಸಬೇಡಿ

ಇಡೀ ಬರಹದಲ್ಲಿ ಒಂದೇ ಒಂದು ಭಾಗ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಸ್ಫೀನಾಯ್ಡ್ ಸೈನಸ್ ಮತ್ತು ಹಿಂದಿನ ಎಥ್ಮಾಯ್ಡ್ ಕಣ್ಣಿನ ನರಕ್ಕೆ ಅಂಟಿಕೊಂಡೇ ಇವೆ. ನಡುವೆ ಇರುವುದು ತೆಳು ಎಲುಬು ಮಾತ್ರ. ಈ ಸೈನಸ್‌ಗಳು ಹಿಗ್ಗಿದಾಗ ಎರಡು ಸಾಧ್ಯತೆ ಇವೆ. ಹಿಗ್ಗಿದ ಸೈನಸ್ ತಾನೇ ನರದ ಕಾಲುವೆಯನ್ನು ಬಾಧಿಸುತ್ತಿರಬಹುದು. ಇಲ್ಲವೇ ಪಕ್ಕದಲ್ಲಿ ಒಂದು ಮೆನಿಂಜಿಯೋಮ, ಅಂದರೆ ಮೆದುಳಿನ ಹೊದಿಕೆಯಿಂದ ಬೆಳೆಯುವ ಗಡ್ಡೆ ಇರಬಹುದು. ಕಣ್ಣಿನ ನರದ ಹೊದಿಕೆಯ ಮೇಲೆ ಅಥವಾ ಸ್ಫೀನಾಯ್ಡ್ ಎಲುಬಿನ ಚಪ್ಪಟೆ ಭಾಗದ ಮೇಲೆ ಬೆಳೆಯುವ ಮೆನಿಂಜಿಯೋಮದ ಪಕ್ಕದ ಸೈನಸ್ ಗಾಳಿ ತುಂಬಿ ಉಬ್ಬುವುದು ಎಷ್ಟೋ ವರ್ಷಗಳಿಂದ ಗೊತ್ತಿರುವ ಸಂಗತಿ. ಗಡ್ಡೆ ಚಿಕ್ಕದು, ಡೈ ಇಲ್ಲದ ಸಿಟಿಯಲ್ಲಿ ಕಾಣದೆ ಹೋಗಬಹುದು. ಉಬ್ಬಿದ ಸೈನಸ್ ಮಾತ್ರ ಎದ್ದು ಕಾಣುತ್ತದೆ. ಅಂದರೆ ನಿರಪಾಯ ಅಂತ ನಾವು ಬಿಟ್ಟುಬಿಡುವ ಆ ಉಬ್ಬೇ ಗಡ್ಡೆಯ ಸುಳಿವು.

ನ್ಯೂಮೊಸೈನಸ್ 20ರಿಂದ 40ರ ಗಂಡಸರಲ್ಲಿ ಹೆಚ್ಚು ಅಂದೆ. ನರದ ಹೊದಿಕೆಯ ಮೆನಿಂಜಿಯೋಮ ನಡುವಯಸ್ಸಿನ ಹೆಂಗಸರಲ್ಲಿ ಹೆಚ್ಚು. ನೋವಿಲ್ಲದೆ ಒಂದೇ ಕಣ್ಣು ಮಸುಕಾಗುತ್ತದೆ. ಇನ್ನೊಂದು ಕಣ್ಣು ಸರಿಯಿರುವುದರಿಂದ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ಹೊಲ, ಮನೆ, ಹೊಲಿಗೆ ಅಂತ ದುಡಿಯುವ ಹೆಣ್ಣುಮಗಳು ಸೂಜಿಗೆ ದಾರ ಪೋಣಿಸಲು ಆಗದಿದ್ದರೂ ವಯಸ್ಸಾಯಿತು ಅಂದುಕೊಂಡು ಸುಮ್ನೆ ಇರುತ್ತಾಳೆ. ಬಳ್ಳಾರಿಯಲ್ಲಿ ಮನೆಮನೆಯಲ್ಲಿ ಜೀನ್ಸ್ ಹೊಲಿಯುವವರಿದ್ದಾರೆ. ಅವರನ್ನು ಈ ಪ್ರಶ್ನೆ ಬಾಯಿಬಿಟ್ಟು ಕೇಳಿ.

ಪರೀಕ್ಷೆಗೆ ದೊಡ್ಡ ಯಂತ್ರ ಬೇಡ. ಒಂದೊಂದೇ ಕಣ್ಣು ಮುಚ್ಚಿ ಆರು ಮೀಟರ್ ದೂರದ ಕನ್ನಡ ಚಾರ್ಟ್ ಓದಿಸಿ. ಓದು ಬಾರದವರಿಗೆ ಬೆರಳು ತೋರಿಸಿ ಎಣಿಸಿ. ಆಮೇಲೆ ಔಷಧ ಬಾಟಲಿಯ ಕೆಂಪು ಮುಚ್ಚಳ ತೆಗೆದುಕೊಳ್ಳಿ. ಒಂದು ಕಣ್ಣಿಗೆ ತೋರಿಸಿ, ಮತ್ತೆ ಇನ್ನೊಂದಕ್ಕೆ. “ಎರಡರಲ್ಲೂ ಕೆಂಪು ಒಂದೇ ಥರ ಐತೇನಮ್ಮಾ?” ಅಂತ ಕೇಳಿ. ನರ ಸೊರಗಿದ ಕಣ್ಣಿಗೆ ಅದೇ ಕೆಂಪು ತೊಳೆದ ಹಾಗೆ, ಕಂದಾಗಿ ಕಾಣುತ್ತದೆ. ಕೊನೆಗೆ ಕೋಣೆ ಕತ್ತಲು ಮಾಡಿ ಟಾರ್ಚ್ ಹಿಡಿಯಿರಿ. ಬೆಳಕನ್ನು ಒಂದು ಕಣ್ಣಿನ ಮೇಲೆ ಎರಡು ಮೂರು ಸೆಕೆಂಡ್ ನಿಲ್ಲಿಸಿ, ತಟ್ಟನೆ ಇನ್ನೊಂದಕ್ಕೆ ಹೊರಳಿಸಿ. ಬೆಳಕು ಬಿದ್ದಾಗ ಪಾಪೆ ಕಿರಿದಾಗಬೇಕು. ಅಗಲವಾದರೆ ಆ ಕಣ್ಣಿನ ನರದಲ್ಲಿ ದೋಷವಿದೆ.

ಈ ಮೂರರಲ್ಲಿ ಒಂದು ತಪ್ಪಿದರೂ ಕಣ್ಣಿನ ಡಾಕ್ಟರಿಗೆ ತೋರಿಸಿ, ಡೈ ಹಾಕಿ ಕಣ್ಣುಗೂಡಿನ ಎಂಆರ್‌ಐ ಮಾಡಿಸಿ. ಕೊಬ್ಬನ್ನು ಮರೆಮಾಡುವ ಫ್ಯಾಟ್ ಸಪ್ರೆಷನ್ ಚಿತ್ರ ಬೇಕು ಅಂತ ಬರೆಯಿರಿ, ಇಲ್ಲದಿದ್ದರೆ ನರದ ಹೊದಿಕೆಯ ಗಡ್ಡೆ ಸುತ್ತಲಿನ ಕೊಬ್ಬಿನಲ್ಲಿ ಕಲೆತು ಹೋಗುತ್ತದೆ. ಡೈ ಹಾಕುವ ಮುನ್ನ ಕಿಡ್ನಿ ಸರಿಯಿದೆಯೇ ಅಂತ ಕ್ರಿಯಾಟಿನಿನ್ ರಕ್ತ ಪರೀಕ್ಷೆ ನೋಡಿಸಿ. ಕಣ್ಣು ಸರಿಯಿದ್ದರೂ ಹಿಗ್ಗಿರುವುದು ಸ್ಫೀನಾಯ್ಡ್ ಅಥವಾ ಹಿಂದಿನ ಎಥ್ಮಾಯ್ಡ್ ಆಗಿದ್ದರೆ ನಾನು ಒಂದು ಸಲ ಎಂಆರ್‌ಐ ಮಾಡಿಸುವ ಪರ. ಬರೀ ಹಣೆಯದಾದರೆ, ಕಣ್ಣು ಸರಿಯಿದ್ದರೆ, ಬೇಡ.

ಚಿಕಿತ್ಸೆ

ಹೈಪರ್‌ಸೈನಸ್‌ಗೆ ಚಿಕಿತ್ಸೆಯೇ ಇಲ್ಲ. ರಿಪೋರ್ಟಿನ ಮೇಲೆ ಹಾಗಂತ ಬರೆದು, ಸಹಿ ಹಾಕಿ ಕೊಡಿ. ಇಲ್ಲದಿದ್ದರೆ ಮುಂದಿನ ಕ್ಲಿನಿಕ್‌ನಲ್ಲಿ ಮತ್ತೆ ಶುರುವಾಗುತ್ತದೆ.

ನ್ಯೂಮೊಸೈನಸ್‌ನಲ್ಲಿ ನೋವಿಲ್ಲ, ಕಣ್ಣು ಸರಿಯಿದೆ ಅಂದರೆ ಕಾಯಿರಿ. ಫೋಟೊ ತೆಗೆದಿಟ್ಟುಕೊಂಡು ವರ್ಷಕ್ಕೊಮ್ಮೆ ನೋಡಿ, ಕಣ್ಣಿನ ಪರೀಕ್ಷೆ ಪ್ರತಿ ಸಲ ಮಾಡಿ. ಹಣೆ ಉಬ್ಬಿ ಮುಖ ಕೆಟ್ಟಿದೆ ಅನ್ನುವವರಿಗೆ ಆಪರೇಷನ್ ಇದೆ. ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಕೂದಲಿನೊಳಗೆ ಕೊಯ್ದು, ಹಣೆಯ ಚರ್ಮ ಮುಂದಕ್ಕೆ ಮಡಚಿ, ಸೈನಸ್‌ನ ಮುಂಗೋಡೆ ಬಿಚ್ಚಿ, ಆಕಾರ ಸರಿಮಾಡಿ ಹಿಂದಕ್ಕೆ ಕೂರಿಸಿ ಸಣ್ಣ ಪ್ಲೇಟುಗಳಿಂದ ಬಿಗಿಯುತ್ತಾರೆ. ದೊಡ್ಡ ಆಪರೇಷನ್, ಹಣೆ ಕೆಲಕಾಲ ಮರಗಟ್ಟಿರಬಹುದು. ಮುಖದ ಬಗ್ಗೆ ಕೊರಗುವ ಹುಡುಗನಿಗೆ ಇದು ಸುಮ್ಮನೆ ಶೋಕಿ ಅಂತ ಬೈದು ಕಳಿಸಬೇಡಿ. ಬೆಳವಣಿಗೆ ನಿಂತಿದೆ ಅಂತ ಖಾತ್ರಿಯಾದ ಮೇಲೆ ಮಾಡಿಸಿಕೊಳ್ಳುವುದು ಅವನ ಹಕ್ಕು.

ನ್ಯೂಮೊಸೀಲ್‌ಗೆ ಮೂಗಿನೊಳಗಿಂದಲೇ ಎಂಡೋಸ್ಕೋಪ್ ಹಾಕಿ ಸೈನಸ್ ಬಾಯಿ ಅಗಲ ಮಾಡಿದರೆ ಸಾಮಾನ್ಯವಾಗಿ ಸಾಕು. ಒಳಹೊರಗಿನ ಒತ್ತಡ ಸಮವಾಗಿ ನೋವು ಇಳಿಯುತ್ತದೆ, ಹಿಗ್ಗುವುದು ನಿಲ್ಲುತ್ತದೆ. ಹೊರಗೆ ಗಾಯ ಇರುವುದಿಲ್ಲ. ಅಲ್ಲಿಯವರೆಗೆ ಮೂಗು ಒತ್ತಿ ಸಿಂಬಳ ತೆಗೆಯಬಾರದು, ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಅಂಗಡಿಯಲ್ಲಿ ಸಿಗುವ ಮೂಗು ಬಿಡಿಸುವ ಡ್ರಾಪ್ಸ್ ಐದು ದಿನಕ್ಕಿಂತ ಹೆಚ್ಚು ಬೇಡ, ಆಮೇಲೆ ಅದೇ ಮೂಗು ಕಟ್ಟಿಸುತ್ತದೆ. ಕುದಿಯುವ ನೀರಿನ ಪಾತ್ರೆ ತೊಡೆಯ ಮೇಲಿಟ್ಟು ಹಬೆ ತೆಗೆದುಕೊಂಡರೆ ಸೈನಸ್ ಕುಗ್ಗುವುದಿಲ್ಲ, ಮಕ್ಕಳು ಮಾತ್ರ ಸುಟ್ಟುಕೊಳ್ಳುತ್ತಾರೆ.

ಮ್ಯೂಕೊಸೀಲ್‌ಗೂ ಎಂಡೋಸ್ಕೋಪ್ ದಾರಿಯೇ. ಅಲರ್ಜಿ ಫಂಗಸ್‌ಗೆ ಆಪರೇಷನ್ ಜೊತೆ ಸ್ಟಿರಾಯ್ಡ್, ಮತ್ತೆ ಮತ್ತೆ ತಪಾಸಣೆ. ಕಣ್ಣಿನ ನರಕ್ಕೆ ತೊಂದರೆಯಾಗಿದ್ದರೆ ಕೆಲಸ ಇಎನ್‌ಟಿಯವರೊಬ್ಬರದ್ದಲ್ಲ. ಕಾಲುವೆ ಸಡಿಲಿಸಬೇಕೋ, ಗಡ್ಡೆಗೆ ರೇಡಿಯೇಷನ್ ಕೊಡಬೇಕೋ ಅಂತ ನ್ಯೂರೋ ಸರ್ಜನ್, ಕಣ್ಣಿನ ಡಾಕ್ಟರ್ ಜೊತೆ ಕೂತು ತೀರ್ಮಾನಿಸಬೇಕು. ಹೋದ ದೃಷ್ಟಿ ಪೂರಾ ಮರಳುವುದು ಕಷ್ಟ. ಅದಕ್ಕೇ ಬೇಗ ಹಿಡಿಯಬೇಕು.

ಎಲ್ಲಿಗೆ, ಹೇಗೆ ಕಳಿಸುವುದು

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಈಗ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಮೊದಲ ತಪಾಸಣೆಗೆ ಅಲ್ಲಿಗೇ ಕಳಿಸಿ. ಕಣ್ಣಿನ ನರದ ಕೇಸಿಗೆ ಬೆಂಗಳೂರಿನ ನಿಮ್ಹಾನ್ಸ್, ಮಿಂಟೋ ಕಣ್ಣಾಸ್ಪತ್ರೆ ಇವೆ. ರಾಯಚೂರಿನವರು ಹೈದರಾಬಾದ್ ಹತ್ತಿರ ಅಂತ ಅಲ್ಲಿಗೆ ಹೋಗುತ್ತಾರೆ, ಅದೂ ಸರಿಯೇ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲೇ ಮಾಡಿಸಿಕೊಡಿ, ಆಮೇಲೆ ಓಡಾಡಿಸಬೇಡಿ.

ಆ ಚೀಟಿಯಲ್ಲಿ “ಸೈನಸ್” ಅಂತ ಒಂದೇ ಪದ ಬರೆದು ಕಳಿಸಬೇಡಿ. ಯಾವ ಸೈನಸ್, ಯಾವ ಕಡೆ, ಒಳಗೆ ಗಾಳಿಯೋ ಬೂದೋ, ಗೋಡೆ ತೆಳುವೋ ಅಲ್ಲವೋ, ಪ್ರತಿ ಕಣ್ಣಿನ ದೃಷ್ಟಿ ಎಷ್ಟು, ಕೆಂಪು ಹೇಗೆ ಕಂಡಿತು, ಟಾರ್ಚ್ ಬೆಳಕಿಗೆ ಪಾಪೆ ಏನು ಮಾಡಿತು ಎಂಬುದನ್ನೆಲ್ಲ ತಾರೀಖಿನ ಸಮೇತ ಬರೆಯಿರಿ. ಹಳೇ ಫೋಟೊದ ಒಂದು ಪ್ರತಿ, ಸಿಟಿಯ ಸಿಡಿ ಎರಡನ್ನೂ ಅದೇ ಕವರಿನಲ್ಲಿ ಇಟ್ಟು ರೋಗಿಯ ಕೈಗೆ ಕೊಡಿ.